ಕೊರಡಿನ ಮೇಲಿನ ಬಿಳಿ ಬೂಸ್ಟು: ಪರೇಲಿನಿಂದ ಒಂದು ಹಳೆಯ ಕಥೆ



ಮಳೆಗಾಲ ಹಿಡಿಯಿತೆಂದರೆ ಪರೇಲಿನ ಮನೆಗಳಲ್ಲಿ ಬೂಸ್ಟು ಎಲ್ಲೆಲ್ಲಿ ಬರುತ್ತದೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಚರ್ಮದ ಬೆಲ್ಟು, ಕಪಾಟಿನಲ್ಲಿಟ್ಟ ಪುಸ್ತಕ, ಊರಿನಿಂದ ತಂದ ಹಪ್ಪಳದ ಕಟ್ಟು, ಗೋಡೆಯ ಮೂಲೆ, ಯಾವುದನ್ನೂ ಅದು ಬಿಡುವುದಿಲ್ಲ. ಈಗ ಈ ಪಟ್ಟಿಗೆ ಮೀನಿನ ತೊಟ್ಟಿಯೂ ಸೇರಿದೆ. ಅಂಗಡಿಯಿಂದ ಅಂದವಾದ ಒಂದು ಮರದ ಕೊರಡನ್ನು ತಂದು ನೀರಿಗೆ ಇಳಿಸುತ್ತೇವೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಅದರ ಮೈತುಂಬ ಹತ್ತಿಯಂಥ, ಲೋಳೆಯಂಥ ಬಿಳಿ ಪದರ. "ಅಪ್ಪಾ, ಮೀನು ಸತ್ತುಹೋಗ್ತದಾ?" ಎಂದು ಮಕ್ಕಳು ಕೇಳುತ್ತಾರೆ. ಅಪ್ಪ ಔಷಧಿ ಹುಡುಕಲು ಹೊರಡುತ್ತಾರೆ.

ಆ ಔಷಧಿಯ ಬಾಟಲಿ ತೆರೆಯುವ ಮೊದಲು ಸ್ವಲ್ಪ ಇತಿಹಾಸ ಕೇಳಿ. ಬೂಸ್ಟಿನೊಂದಿಗೆ ಜಗಳವಾಡುವುದು ಪರೇಲಿಗೆ ಹೊಸದಲ್ಲ, ಕನ್ನಡ ನಾಡಿಗಂತೂ ಹೊಸದೇ ಅಲ್ಲ.

ಮೊದಲು ಗಾಜಿನ ಪೆಟ್ಟಿಗೆಯ ಕಥೆ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಒಂದು ಪತಂಗದ ಕೋಶವನ್ನು ಒದ್ದೆ ಮಣ್ಣಿನಲ್ಲಿ ಹುಗಿದು ಬಾಟಲಿಯಲ್ಲಿ ಮುಚ್ಚಿಟ್ಟರು. ಪತಂಗ ಬರುವುದನ್ನು ಕಾಯುತ್ತಿದ್ದ ಅವರ ಕಣ್ಣಿಗೆ ಬಿದ್ದದ್ದು ಆ ಮಣ್ಣಿನಲ್ಲಿ ತಾನಾಗಿ ಮೊಳೆತ ಜರೀಗಿಡ ಮತ್ತು ಹುಲ್ಲು. ಬಾಟಲಿಯೊಳಗಿನ ತೇವ ಆವಿಯಾಗಿ ಮೇಲೇರಿ, ಗಾಜಿಗೆ ತಾಗಿ ಹನಿಯಾಗಿ, ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಇದರಿಂದ ಹುಟ್ಟಿದ 'ವಾರ್ಡ್ ಪೆಟ್ಟಿಗೆ'ಯಲ್ಲಿಯೇ ಮುಂದೆ ಚೀನಾದ ಚಹಾ ಸಸಿಗಳು ಹಡಗೇರಿ ಭಾರತಕ್ಕೆ ಬಂದವು.

1850ರಲ್ಲಿ ಅದೇ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಗಾಜಿನ ಪಾತ್ರೆಯ ನೀರಿನಲ್ಲಿ ಎರಡು ಹೊನ್ನಮೀನುಗಳನ್ನೂ ಒಂದು ನೀರುಗಿಡವನ್ನೂ ಇಟ್ಟರು. ಮೀನು ಬಿಟ್ಟ ಉಸಿರು ಗಿಡಕ್ಕೆ, ಗಿಡ ಬಿಟ್ಟದ್ದು ಮೀನಿಗೆ ಎಂಬುದು ಲೆಕ್ಕ. ಆದರೆ ಕೆಲವೇ ದಿನಗಳಲ್ಲಿ ಗಿಡದ ಕೊಳೆತ ಎಲೆಗಳ ಮೇಲೆ ಲೋಳೆ ಬೆಳೆದು ನೀರು ಕದಡಿಹೋಯಿತು. ಅಂದರೆ, ಮನೆಯ ಮೀನಿನ ತೊಟ್ಟಿ ಹುಟ್ಟಿದಾಗಲೇ ಈ ತೊಂದರೆಯೂ ಅದರ ಜೊತೆಗೇ ಹುಟ್ಟಿತು! ವಾರಿಂಗ್ಟನ್ ಏನು ಮಾಡಿದರು ಗೊತ್ತೇ? ರಸಾಯನಶಾಸ್ತ್ರಜ್ಞರಾಗಿದ್ದೂ ಯಾವ ರಾಸಾಯನಿಕವನ್ನೂ ಸುರಿಯಲಿಲ್ಲ. ಕೊಳದಿಂದ ಕೆಲವು ಬಸವನಹುಳುಗಳನ್ನು ತಂದು ಬಿಟ್ಟರು. ಅವು ಕೊಳೆತದ್ದನ್ನು ತಿಂದುಹಾಕಿದವು, ನೀರು ತಿಳಿಯಾಯಿತು. ಮೂರು ವರ್ಷಗಳ ಬಳಿಕ, 1853ರಲ್ಲಿ, ಲಂಡನ್ನಿನ ಪ್ರಾಣಿಸಂಗ್ರಹಾಲಯ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ನಮ್ಮ ಮರೀನ್ ಡ್ರೈವ್‌ನಲ್ಲಿ ತಾರಾಪೋರ್‌ವಾಲಾ ಮತ್ಸ್ಯಾಲಯ ಬಂದದ್ದು 1951ರಲ್ಲಿ.

ಇನ್ನು ಪರೇಲಿಗೆ ಬರೋಣ. 1854ರಲ್ಲಿ ಕಾವಸ್ಜಿ ದಾವರ್ ಅವರ ಸಾಹಸದಿಂದ ಈ ಊರಿನಲ್ಲಿ ಹತ್ತಿ ಗಿರಣಿಗಳ ಯುಗ ಆರಂಭವಾಯಿತು. ಮುಂದೆ ಪರೇಲ್, ಲಾಲ್‌ಬಾಗ್ ಸುತ್ತಮುತ್ತಲು 'ಗಿರಣ್‌ಗಾಂವ್' ಆದವು. ಒಣಹವೆಯಲ್ಲಿ ಹತ್ತಿಯ ನೂಲು ಪಟಪಟನೆ ಕಡಿಯುತ್ತದೆ. ಹಾಗಾಗಿ ಸಮುದ್ರದ ತೇವ ಗಿರಣಿಗೆ ವರವಾಗಿತ್ತು, ಅದು ಸಾಲದಾದಾಗ ಒಳಗೆ ಕೃತಕವಾಗಿ ತೇವ ತುಂಬುತ್ತಿದ್ದರು. ಆ ಸೆಕೆಯಲ್ಲಿ ದುಡಿದವರ ಕಷ್ಟ ಕಾನೂನಿನವರೆಗೂ ಹೋಗಿದೆ. 1948ರ ಕಾರ್ಖಾನೆ ಕಾಯಿದೆಯ 15ನೇ ಕಲಮು ಕೃತಕ ತೇವಕ್ಕಾಗಿಯೇ ಮೀಸಲಾಗಿತ್ತು. ಅದಕ್ಕೆ ಬಳಸುವ ನೀರು ಕುಡಿಯುವ ನೀರಿನ ಮೂಲದ್ದಾಗಿರಬೇಕು, ಇಲ್ಲವೇ ಶುದ್ಧೀಕರಿಸಿದ್ದಾಗಿರಬೇಕು ಎಂದು ಅದು ಹೇಳುತ್ತಿತ್ತು.

ತೇವದ ಜೊತೆ ಬೂಸ್ಟು ಬಾರದಿರುತ್ತದೆಯೇ? ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲಿಗೆ ಗಂಜಿ ಹಾಕಬೇಕು. ಪಿಷ್ಟ, ಕೊಬ್ಬು, ತೇವ, ಸೆಕೆ ನಾಲ್ಕೂ ಸೇರಿದರೆ ಬೂಸ್ಟಿಗೆ ಹಬ್ಬದೂಟ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲಂಕಾಶೈರ್‌ನಿಂದ ಹಡಗಿನಲ್ಲಿ ಬಂದ ಬಟ್ಟೆಯ ಮೂಟೆಗಳಿಗೆ ಬೂಸ್ಟಿನ ಕಲೆ ಹಿಡಿದಿರುತ್ತಿದ್ದುದು ವ್ಯಾಪಾರಿಗಳ ದೊಡ್ಡ ತಕರಾರಾಗಿತ್ತು. ಇದಕ್ಕೆ ಜವಳಿ ಉದ್ಯಮ ಕಂಡುಕೊಂಡ ಉಪಾಯ ವಿಷ: ಗಂಜಿಗೆ ಸತುವಿನ ಕ್ಲೋರೈಡ್ ಬೆರೆಸುವುದು. ಬಟ್ಟೆಗೆ ಜೀವವಿಲ್ಲ, ಅಲ್ಲಿ ಅದು ನಡೆಯಿತು.

ಪರೇಲಿನಲ್ಲಿಯೇ, ಗಿರಣಿಗಳಿಂದ ಕೂಗಳತೆಯ ದೂರದಲ್ಲಿ, ಬೇಕೆಂದೇ ಸೂಕ್ಷ್ಮಜೀವಿ ಬೆಳೆಸುತ್ತಿದ್ದ ಇನ್ನೊಂದು ಕಟ್ಟಡವಿತ್ತು. ಒಂದು ಕಾಲಕ್ಕೆ ಗವರ್ನರರ ನಿವಾಸವಾಗಿದ್ದ ಅದಕ್ಕೆ 1899ರಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ತಮ್ಮ ಪ್ಲೇಗ್ ಪ್ರಯೋಗಾಲಯವನ್ನು ತಂದರು. 1925ರಿಂದ ಅದು ಹಾಫ್‌ಕಿನ್ ಸಂಸ್ಥೆ. ಅವರು ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಡುತ್ತಿದ್ದರು. ಆ ತುಪ್ಪದಿಂದ ಪ್ಲೇಗ್ ಬ್ಯಾಕ್ಟೀರಿಯಾ ಬಿಳಲುಗಳಂತೆ ಕೆಳಗೆ ಇಳಿಯುತ್ತಿತ್ತು. ಬುಡ್ಡಿಯಲ್ಲಿ ಬೆಳೆದದ್ದು ಯಾವುದೆಂದು ಖಚಿತವಾಗಿ ಗುರುತಿಸುವುದರ ಮೇಲೆ ಜೀವಗಳೇ ನಿಂತಿದ್ದವು. 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಹಳ್ಳಿಯಲ್ಲಿ ಒಂದೇ ಬುಡ್ಡಿಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ತೀರಿಕೊಂಡರು. ಆರೋಪ ಪರೇಲಿನ ಪ್ರಯೋಗಾಲಯದ ಮೇಲೆ ಬಂತು. ಮಾಲಿನ್ಯ ಸೇರಿದ್ದು ಹಳ್ಳಿಯಲ್ಲಿ ಬುಡ್ಡಿ ತೆರೆದಾಗ ಎಂಬ ವಾದಕ್ಕೆ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಬೆಂಬಲವಾಗಿ ನಿಂತರು. 1907ರಲ್ಲಿ ಹಾಫ್‌ಕಿನ್ ದೋಷಮುಕ್ತರಾದರು.

ಈಗ ಊರಿನ ಕಡೆ. ಮಲೆನಾಡು, ಕರಾವಳಿಯ ಕೇಳುಗರಿಗೆ ಅಡಿಕೆಯ ಕೊಳೆರೋಗ ಗೊತ್ತೇ ಇದೆ. ಮಳೆ ಬಿಡದೆ ಸುರಿದರೆ ಎಳೆಯ ಕಾಯಿಗಳು ಬಿಳಿ ಬೂಸ್ಟು ಹಿಡಿದು ಉದುರುತ್ತವೆ, ವರ್ಷದ ಅನ್ನವೇ ಮಣ್ಣುಪಾಲು. ಹಿಂದೆ ಮಳೆಗೆ ಮೊದಲೇ ಮರ ಹತ್ತಿ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ರೋಗಕಾರಕ ಫೈಟಾಫ್ತೊರ ಎಂದು ತೋರಿಸಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ತೋಟಗಳಿಗೆ ತಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇಂದಿಗೂ ತೋಟದಲ್ಲಿ ಇದೇ ಲೆಕ್ಕ.

ಇಲ್ಲೊಂದು ಸ್ವಾರಸ್ಯವಿದೆ. ಫೈಟಾಫ್ತೊರ ನಿಜವಾದ ಶಿಲೀಂಧ್ರವಲ್ಲ. ಈಜುವ ಬೀಜಾಣುಗಳಿರುವ 'ನೀರಿನ ಬೂಸ್ಟು'ಗಳ ಕುಲದ್ದು. ಗಾಯಗೊಂಡ ಮೀನಿನ ಮೈಮೇಲೆ ಹತ್ತಿಯಂತೆ ಬೆಳೆಯುವ ಸಾಪ್ರೊಲೆಗ್ನಿಯ ಕೂಡ ಅದೇ ಕುಲ. ಅಂದಮೇಲೆ, ಅಡಿಕೆ ತೋಟದಲ್ಲಿ ಬೆಳೆದು ಮುಂಬಯಿಗೆ ಬಂದವರಿಗೆ "ಒಂದು ಚಿಟಿಕೆ ಮೈಲುತುತ್ತ ತೊಟ್ಟಿಗೂ ಹಾಕಿದರೆ ಹೇಗೆ?" ಎನ್ನಿಸುವುದು ಸಹಜ. ದಯವಿಟ್ಟು ಹಾಕಬೇಡಿ. ತಾಮ್ರ ಅತ್ಯಲ್ಪ ಪ್ರಮಾಣದಲ್ಲೂ ಬಸವನಹುಳು, ಸೀಗಡಿಗಳನ್ನು ಕೊಲ್ಲುತ್ತದೆ, ಹೆಚ್ಚಾದರೆ ಮೀನನ್ನೂ ಕೊಲ್ಲುತ್ತದೆ. ತೋಟದಲ್ಲಿ ಮಳೆ ಅದನ್ನು ತೊಳೆದೊಯ್ಯುತ್ತದೆ, ತೊಟ್ಟಿಯಲ್ಲಿ ಅದು ಎಲ್ಲಿಗೆ ಹೋದೀತು?

ಹಾಗಾದರೆ ಕೊರಡಿನ ಮೇಲಿರುವುದು ಏನು? ಮರದಲ್ಲಿ ಉಳಿದ ಸಕ್ಕರೆ, ಪಿಷ್ಟಗಳನ್ನು ತಿನ್ನಲು ಬಂದ ಬ್ಯಾಕ್ಟೀರಿಯಾ ಮತ್ತು ಬೂಸ್ಟುಗಳ ಸಂತೆ ಅದು. ಊಟ ಮುಗಿದ ಮೇಲೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ಸಂತೆ ತಾನಾಗಿ ಚದುರುತ್ತದೆ. ಆರೋಗ್ಯವಂತ ಮೀನಿಗೆ ಅದರಿಂದ ಅಪಾಯವಿಲ್ಲ. ಕಣ್ಣಿಗೆ ಹಿತವಾಗದಿದ್ದರೆ ಕೊರಡನ್ನು ಹೊರತೆಗೆದು ಬ್ರಷ್‌ನಿಂದ ತಿಕ್ಕಿ, ಸೋಪು ಬೇಡ. ದೊಡ್ಡ ಪಾತ್ರೆಯಲ್ಲಿ ಒಂದೆರಡು ಗಂಟೆ ಕುದಿಸಿ, ಕೆಲವು ದಿನ ನೀರು ಬದಲಿಸುತ್ತ ನೆನೆಹಾಕಿ. ಆಮೇಲೆ ವಾರಿಂಗ್ಟನ್ನರ ಉಪಾಯ ಇದ್ದೇ ಇದೆ: ಬಸವನಹುಳು, ಸೀಗಡಿ.

ಕೊರಡಿನ ಒಂದು ತುದಿ ನೀರಿನ ಮೇಲಿದ್ದರೆ ಅಲ್ಲಿ ಬರುವುದು ನಮ್ಮ ಚಪ್ಪಲಿಗೆ ಬರುವಂಥದೇ ಗಾಳಿಯ ಬೂಸ್ಟು. ಬಿಗಿಯಾಗಿ ಮುಚ್ಚಿದ ತೊಟ್ಟಿ ವಾರ್ಡ್ ಪೆಟ್ಟಿಗೆಯಂತೆಯೇ. ಮುಚ್ಚಳವನ್ನು ತುಸು ಸರಿಸಿ ಗಾಳಿಯಾಡಲು ಬಿಡಿ, ಆ ತುದಿಯನ್ನು ಒರೆಸಿ.

ಎಚ್ಚರ ಬೇಕಾದುದು ಬೇರೆ ಕಡೆ. ಮರ ಮೆತ್ತಗಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದನ್ನು ಎಸೆಯಿರಿ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಟ್ಟರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ; ಸ್ವಲ್ಪ ನೀರು ಬದಲಿಸಿ, ಗಾಳಿಯ ಪಂಪು ಚಾಲೂ ಮಾಡಿ. ಹತ್ತಿಯಂಥ ಎಳೆ ಮೀನಿನ ಮೈಮೇಲೇ ಕಂಡರೆ ಮಾತ್ರ ಅದು ರೋಗ. ಆ ಮೀನನ್ನು ಬೇರೆ ಪಾತ್ರೆಗೆ ಹಾಕಿ ಚಿಕಿತ್ಸೆ ಮಾಡಬೇಕು. ಚೌಪಾಟಿಯಲ್ಲಿ ಬಿದ್ದ ಮರ ಉಪ್ಪು ಕುಡಿದಿರುತ್ತದೆ. ಕೆಡವಿದ ಚಾಳು, ಗಿರಣಿಗಳ ಹಳೆಯ ತೇಗದಲ್ಲಿ ಎಣ್ಣೆ, ಬಣ್ಣ ಇಂಗಿರಬಹುದು. ಎರಡೂ ತೊಟ್ಟಿಗೆ ಬೇಡ.

1982ರ ಜನವರಿ 18ರಂದು ಶುರುವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಆ ಬಳಿಕ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅವುಗಳ ಜಾಗದಲ್ಲಿ ಎದ್ದ ಕಟ್ಟಡಗಳ ಒಳಗೂ ಮಳೆಗಾಲದ ಅದೇ ತೇವ ಬರುತ್ತದೆ. ಹಾಗಾಗಿ ಮುಂದಿನ ಸಲ ಮಗು ಕೇಳಿದಾಗ "ಇಲ್ಲ ಮರೀ, ಮೀನು ಸಾಯುವುದಿಲ್ಲ, ಸ್ವಲ್ಪ ದಿನ ನೋಡೋಣ" ಎಂದು ಹೇಳಿ. ಜೊತೆಗೆ ಎರಡು ಬಸವನಹುಳು ತಂದುಕೊಡಿ.