ಆದಾಯದ ಅಸಮಾನತೆ ಮತ್ತು ಬದುಕಿನ ತೃಪ್ತಿ

ಉಳ್ಳವರ ಮತ್ತು ಇಲ್ಲದವರ ಗಳಿಕೆಯ ಅಂತರ ಹಿಗ್ಗಿದರೆ ಜನರ ನೆಮ್ಮದಿ ಕುಗ್ಗುತ್ತದೆಯೇ ಎಂಬುದು ಹಳೆಯ ಪ್ರಶ್ನೆ. ಅದನ್ನು ಅಳೆದು ನೋಡುವ ಪ್ರಯತ್ನ ಮಾತ್ರ ಇತ್ತೀಚಿನದು. ಅಂತರವನ್ನು ಅಳೆಯುವ ಸೂಚ್ಯಂಕವನ್ನು ಇಟಲಿಯ ಕೊರಾಡೊ ಜಿನಿ 1912ರಲ್ಲಿ ಕೊಟ್ಟಿದ್ದರು. ತೃಪ್ತಿಯನ್ನು ಅಳೆಯಲು ಅಮೆರಿಕದ ಹ್ಯಾಡ್ಲಿ ಕ್ಯಾಂಟ್ರಿಲ್ ತಮ್ಮ 1965ರ ಕೃತಿಯಲ್ಲಿ ಒಂದು ಏಣಿಯನ್ನು ಮುಂದಿಟ್ಟರು. ಅದರ ಬುಡ ಸೊನ್ನೆ, ತುದಿ ಹತ್ತು. ತುದಿಯಲ್ಲಿರುವುದು ತಾನು ಊಹಿಸಬಲ್ಲ ಅತ್ಯುತ್ತಮ ಬದುಕು, ಬುಡದಲ್ಲಿರುವುದು ಅತಿ ಹೀನ ಬದುಕು. ಈಗ ಯಾವ ಮೆಟ್ಟಿಲಲ್ಲಿದ್ದೀರಿ ಎಂದಷ್ಟೇ ಕೇಳುವುದು. ಕ್ಯಾಂಟ್ರಿಲ್ ಸಮೀಕ್ಷೆ ನಡೆಸಿದ ದೇಶಗಳಲ್ಲಿ ಭಾರತವೂ ಇತ್ತು. 1974ರಲ್ಲಿ ರಿಚರ್ಡ್ ಈಸ್ಟರ್ಲಿನ್ ಇಂಥ ಸಮೀಕ್ಷೆಗಳನ್ನು ಆಧರಿಸಿ, ಮನುಷ್ಯ ತನ್ನ ಗಳಿಕೆಯನ್ನು ಸುತ್ತಲಿನವರ ಗಳಿಕೆಯ ಜೊತೆ ತೂಗಿ ನೋಡುತ್ತಾನೆ ಎಂದು ವಾದಿಸಿದರು.

ಹಾಗೆ ತೂಗಿ ನೋಡಿದಾಗಲೆಲ್ಲ ಹೊಟ್ಟೆಕಿಚ್ಚೇ ಹುಟ್ಟುತ್ತದೆ ಎನ್ನಲಾಗದು. ಆಲ್ಬರ್ಟ್ ಹರ್ಷ್‌ಮನ್ 1973ರಲ್ಲಿ ಕೊಟ್ಟ ಸುರಂಗದ ಹೋಲಿಕೆ ಇದನ್ನು ಎಲ್ಲಕ್ಕಿಂತ ಚೆನ್ನಾಗಿ ವಿವರಿಸುತ್ತದೆ. ಎರಡು ಸಾಲಿನ ಸುರಂಗರಸ್ತೆಯಲ್ಲಿ ವಾಹನಗಳು ಸಿಕ್ಕಿಕೊಂಡಿವೆ. ಪಕ್ಕದ ಸಾಲು ಮೆಲ್ಲನೆ ಚಲಿಸತೊಡಗಿದರೆ ನಿಂತವರಿಗೂ ಖುಷಿ, ಇನ್ನೇನು ನಮ್ಮ ಸರದಿ ಎಂದು. ಎಷ್ಟು ಹೊತ್ತಾದರೂ ತಮ್ಮ ಸಾಲು ಮಾತ್ರ ಅಲುಗದಿದ್ದರೆ ಅದೇ ಖುಷಿ ಸಿಟ್ಟಾಗುತ್ತದೆ. 2004ರಲ್ಲಿ ಅಲ್ಬರ್ಟೊ ಅಲೆಸಿನಾ ಮತ್ತು ಸಂಗಡಿಗರು ಕಂಡದ್ದೂ ಇದಕ್ಕೆ ಹೊಂದುತ್ತದೆ: ಅಸಮಾನತೆ ಯುರೋಪಿನ ಬಡವರನ್ನು ಕುಗ್ಗಿಸಿತ್ತು, ಅಮೆರಿಕದ ಬಡವರನ್ನು ಅಷ್ಟಾಗಿ ತಟ್ಟಿರಲಿಲ್ಲ. ದುಡಿದರೆ ಮೇಲೇರಬಹುದೆಂಬ ನಂಬಿಕೆ ಅಮೆರಿಕದಲ್ಲಿ ಹೆಚ್ಚು ಎಂಬುದು ಅವರು ಕೊಟ್ಟ ಕಾರಣ.

ಅಸಮಾನತೆ ತೀವ್ರವಾಗಿರುವ ಲ್ಯಾಟಿನ್ ಅಮೆರಿಕದ ಹಲವು ದೇಶಗಳ ಜನ ತಮ್ಮ ಆದಾಯಕ್ಕೆ ಮೀರಿದ ತೃಪ್ತಿಯನ್ನು ಹೇಳಿಕೊಳ್ಳುತ್ತಾರಲ್ಲ ಎಂಬ ಆಕ್ಷೇಪವಿದೆ. ಇದು ತೂಕದ ಆಕ್ಷೇಪವೇ. ಆದರೆ ದೇಶ ದೇಶಗಳನ್ನು ಹೋಲಿಸುವಾಗ ಕುಟುಂಬದ ಬಾಂಧವ್ಯ, ಧರ್ಮ, ಮಾತಿನ ರೂಢಿ ಎಲ್ಲವೂ ಬೆರೆತುಬಿಡುತ್ತವೆ. ಒಂದೇ ದೇಶವನ್ನು ವರ್ಷಾನುಗಟ್ಟಲೆ ಗಮನಿಸುವುದು ಹೆಚ್ಚು ನಂಬಬಹುದಾದ ದಾರಿ. ಶಿಗೆಹಿರೊ ಓಯಿಶಿ ಮತ್ತು ಸಂಗಡಿಗರು 1972ರಿಂದ 2008ರವರೆಗಿನ ಅಮೆರಿಕದ ಸಮೀಕ್ಷೆಗಳನ್ನು ಪರಿಶೀಲಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಂತರ ಹೆಚ್ಚಿದ್ದ ವರ್ಷಗಳಲ್ಲಿ ಕಡಿಮೆ ಆದಾಯದವರ ಸಂತೋಷ ಇಳಿದಿತ್ತು. ಕೈಗೆ ಬರುವ ಹಣ ಕಡಿಮೆಯಾದದ್ದು ಇದಕ್ಕೆ ಕಾರಣವಾಗಿರಲಿಲ್ಲ. ಇತರರು ನ್ಯಾಯವಾಗಿ ನಡೆದುಕೊಳ್ಳುತ್ತಾರೆ, ಅವರನ್ನು ನಂಬಬಹುದು ಎಂಬ ಭಾವನೆ ಸವೆದಿತ್ತು. ಸಿರಿವಂತರ ಸಂತೋಷದಲ್ಲಿ ಇಂಥ ಇಳಿಕೆ ಕಾಣಲಿಲ್ಲ.