ಉಪ್ಪಿನ ಇಲಾಖೆಯ ಚಿಟ್ಟೆಗಾರ

ವೈಶಾಖದ ಬಿಸಿಲಿನಲ್ಲಿ ಠಾಣೆಯ ಯೇವೂರ್ ಕಾಡಿಗೆ ನಡೆದುಹೋಗುವವರನ್ನು ಕಂಡು ಹುಬ್ಬೇರಿಸುವವರುಂಟು. ಆದರೆ ವನ್ಯಜೀವಿಗಳನ್ನು ಕಾಣಲು ಬೇಸಿಗೆಯೇ ತಕ್ಕ ಕಾಲ. ತೇಗದ ಮರಗಳು ಎಲೆ ಉದುರಿಸಿ ಕಾಡು ತೆರೆದುಕೊಂಡಿರುತ್ತದೆ. ನೀರು ಕೆಲವೇ ಹೊಂಡಗಳಲ್ಲಿ ಉಳಿದಿರುತ್ತದೆ. ಮಹಾರಾಷ್ಟ್ರದ ಅರಣ್ಯಗಳಲ್ಲಿ ಬುದ್ಧಪೂರ್ಣಿಮೆಯ ರಾತ್ರಿ ಅಟ್ಟಣೆಯ ಮೇಲೆ ಕುಳಿತು, ನೀರಿಗೆ ಬರುವ ಪ್ರಾಣಿಗಳನ್ನು ಎಣಿಸುವ ಪದ್ಧತಿ ಈ ತಿಳಿವಳಿಕೆಯ ಮೇಲೆಯೇ ನಿಂತಿದೆ. ಹೀಗೆ ಕಂಡುದನ್ನು ಬರೆದಿಡುವ ಅಭ್ಯಾಸಕ್ಕೆ ಈ ಸೀಮೆಯಲ್ಲಿ ದೀರ್ಘ ಚರಿತ್ರೆಯಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಕಾರವಾರದಲ್ಲಿ.

1883ರ ಸೆಪ್ಟೆಂಬರ್‌ನಲ್ಲಿ ಎಂಟು ಮಂದಿ ಸೇರಿ ಮುಂಬಯಿಯಲ್ಲಿ ನಿಸರ್ಗೇತಿಹಾಸ ಸಂಸ್ಥೆಯನ್ನು, ಅಂದರೆ ಇಂದಿನ ಬಿಎನ್‌ಎಚ್‌ಎಸ್ ಅನ್ನು ಸ್ಥಾಪಿಸಿದರು. ಆತ್ಮಾರಾಮ ಪಾಂಡುರಂಗ, ಸಖಾರಾಮ ಅರ್ಜುನ ಅವರಲ್ಲಿದ್ದ ಇಬ್ಬರು ಭಾರತೀಯ ವೈದ್ಯರು. ಮತ್ತೊಬ್ಬರು ಸಾತಾರೆಯಲ್ಲಿ ಹುಟ್ಟಿದ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್. ಸುಂಕ ಮತ್ತು ಉಪ್ಪಿನ ಇಲಾಖೆಯ ಈ ಅಧಿಕಾರಿ ಇಂದಿನ ನವಿ ಮುಂಬಯಿಯ ಮಗ್ಗುಲಲ್ಲಿರುವ ಉರಣ್‌ನಲ್ಲಿಯೂ ಉತ್ತರ ಕನ್ನಡದಲ್ಲಿಯೂ ದುಡಿದರು. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಉರಣ್‌ನ ಉಪ್ಪಿನ ಗದ್ದೆಗಳಿಗೂ ಕಾರವಾರದ ಕಡಲ ತೀರಕ್ಕೂ ಒಂದೇ ಆಡಳಿತವಿತ್ತು.

ಕಾರವಾರದ ಸೀಮೆಯಲ್ಲಿ ಐಟ್ಕನ್‌ರಿಗೆ ಇಬ್ಬರು ಜೊತೆಗಾರರು ದೊರೆತರು: ಕಲೆಕ್ಟರ್ ಡೇವಿಡ್ಸನ್ ಮತ್ತು ಅರಣ್ಯಾಧಿಕಾರಿ ಟಿ. ಆರ್. ಬೆಲ್. ಮೂವರೂ ಸೇರಿ ಉತ್ತರ ಕನ್ನಡದ ಚಿಟ್ಟೆಗಳನ್ನು ಕುರಿತು ಬರೆದ ಲೇಖನಮಾಲೆ 1896ರಿಂದ ಸಂಸ್ಥೆಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಹಾರುವ ಚಿಟ್ಟೆಯನ್ನು ಬಲೆಯಲ್ಲಿ ಹಿಡಿದು ಸೂಜಿ ಚುಚ್ಚುವುದಷ್ಟೇ ಅವರ ಕೆಲಸವಾಗಿರಲಿಲ್ಲ. ಎಲೆಯ ಮೇಲಿನ ಕಂಬಳಿಹುಳುವನ್ನು ತಂದು ಸಾಕಿ, ಅದು ತಿನ್ನುವ ಗಿಡ ಯಾವುದು, ಕೋಶದ ರೂಪವೇನು, ಹೊರಬರುವ ಚಿಟ್ಟೆ ಯಾವುದು ಎಂಬುದನ್ನು ದಾಖಲಿಸಿದರು. ನಿವೃತ್ತಿಯ ಬಳಿಕ ಬೆಲ್ ಕಾರವಾರದಲ್ಲಿಯೇ ನೆಲೆಸಿ, 1948ರಲ್ಲಿ ತೀರಿಕೊಂಡರು.

ಆ ಕ್ರಮವನ್ನು ಪರೀಕ್ಷಿಸಲು ಡೊಂಬಿವಲಿಯ ಬಾಲ್ಕನಿಯೂ ಸಾಕು. ಕುಂಡದ ಕರಿಬೇವಿನ ಚಿಗುರನ್ನು ಮೇಯುವ, ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳುವನ್ನು ಕಿತ್ತೆಸೆಯದೆ ಬಿಟ್ಟರೆ, ಕೆಲವು ವಾರಗಳಲ್ಲಿ ಅದು ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯಾಗಿ ಹಾರೀತು. ಗಿಡ ಹೋದರೆ ಚಿಟ್ಟೆಯೂ ಹೋಗುತ್ತದೆ ಎಂಬ ಪಾಠ ಇದರಲ್ಲಿಯೇ ಇದೆ.

ಈ ಪಾಠವನ್ನು ಐಟ್ಕನ್ ದುಡಿದ ಕರಾವಳಿಗೂ ಅನ್ವಯಿಸಬೇಕಾದ ಕಾಲವಿದು. ಉರಣ್ ತಾಲ್ಲೂಕಿನಲ್ಲಿ 1989ರಲ್ಲಿ ನ್ಹಾವಾ ಶೇವಾ ಬಂದರು ಆರಂಭವಾಯಿತು. ರಸ್ತೆ, ಗೋದಾಮು, ಬಡಾವಣೆಗಳು ಹಬ್ಬಿದಂತೆ ಜೌಗು ನೆಲಗಳಿಗೆ ಮಣ್ಣು ಬಿದ್ದಿತು. ಇತ್ತ ಠಾಣೆ ಕೊಲ್ಲಿಯು 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾಗಿ, 2022ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ಆದರೆ ಭರತದ ವೇಳೆ ಕೊಲ್ಲಿಯ ಕೆಸರು ಮುಳುಗಿದಾಗ ಆ ಹಕ್ಕಿಗಳು ತಂಗುವುದು ಅಭಯಾರಣ್ಯದ ಗಡಿಯಾಚೆಗಿನ ನವಿ ಮುಂಬಯಿಯ ಜೌಗುಗಳಲ್ಲಿ. ನಕ್ಷೆಯ ಗೆರೆ ಹಕ್ಕಿಗೆ ತಿಳಿಯದು.

ಒಂದು ಜೌಗು ಬರಿಯ ಬಂಜರು ನೆಲವೆಂದು ಯಾರಾದರೂ ವಾದಿಸಿದಾಗ, ಅಲ್ಲಲ್ಲವೆಂದು ತೋರಿಸಲು ಬೇಕಾಗುವುದು ದಾಖಲೆ: ಯಾವ ದಿನ, ಯಾವ ಸ್ಥಳ, ಯಾವ ಜೀವಿ, ಎಷ್ಟು. ಕಾರವಾರದ ಮೂವರು ಬಿಟ್ಟುಹೋದದ್ದು ಅಂಥ ದಾಖಲೆಯನ್ನೇ. ಠಾಣೆ, ಕಲ್ಯಾಣಗಳ ಕನ್ನಡಿಗರು ಬೇಸಿಗೆಯ ನಡಿಗೆಗೆ ಹೊರಟಾಗ ನೀರಿನ ಸೀಸೆಯ ಜೊತೆಗೆ ಒಂದು ಟಿಪ್ಪಣಿ ಪುಸ್ತಕವನ್ನೂ ಒಯ್ದರೆ ಆ ಪರಂಪರೆ ಮುಂದುವರಿದಂತೆ.