ಹಾಂಪ್ಟನ್ ಕೋರ್ಟಿನ ಖಾಲಿ ತೊಟ್ಟಿಲು

1555ರ ಏಪ್ರಿಲ್. ಇಂಗ್ಲೆಂಡಿನ ರಾಣಿ ಮೊದಲನೇ ಮೇರಿ ಹೆರಿಗೆಗೆಂದು ಹಾಂಪ್ಟನ್ ಕೋರ್ಟ್ ಅರಮನೆಯ ಒಳಕೋಣೆ ಸೇರಿದಳು. ಸೂಲಗಿತ್ತಿಯರು ಬಂದರು, ತೊಟ್ಟಿಲು ಸಿದ್ಧವಾಯಿತು. ಮಗು ಹುಟ್ಟಿದ ಸುದ್ದಿ ತಿಳಿಸುವ ಪತ್ರಗಳನ್ನೂ ಮೊದಲೇ ಬರೆದಿಟ್ಟು, ತಾರೀಖಿನ ಜಾಗವನ್ನು ಖಾಲಿ ಬಿಡಲಾಗಿತ್ತು. ಗಂಡು ಹುಟ್ಟಿತೆಂಬ ಗಾಳಿಸುದ್ದಿ ಹಬ್ಬಿ ಲಂಡನ್ನಿನಲ್ಲಿ ಗಂಟೆಗಳೂ ಮೊಳಗಿದವು. ಮೇ ಕಳೆಯಿತು, ಜೂನ್ ಕಳೆಯಿತು, ಜುಲೈಯೂ ಕಳೆಯಿತು. ಆಗಸ್ಟ್ ಮೊದಲಲ್ಲಿ ರಾಣಿ ಸದ್ದಿಲ್ಲದೆ ಆ ಅರಮನೆ ಬಿಟ್ಟಳು. ಮಗು ಹುಟ್ಟಲೇ ಇಲ್ಲ.

ಮೇರಿ ನಾಟಕವಾಡಿರಲಿಲ್ಲ. ಅವಳ ಮುಟ್ಟು ನಿಂತಿತ್ತು, ಹೊಟ್ಟೆ ಬೆಳೆದಿತ್ತು, ಮಗು ಮಿಸುಕಾಡಿದಂತೆ ಅವಳಿಗೇ ಅನಿಸಿತ್ತು. 39 ವರ್ಷದ ರಾಣಿಗೆ ವಾರಸುದಾರ ಹುಟ್ಟಿದರೆ ಕ್ಯಾಥೊಲಿಕ್ ಆಳ್ವಿಕೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಪಟ್ಟ ತಂಗಿ ಎಲಿಜಬೆತ್‌ಗೆ. ಒಂದು ರಾಜ್ಯದ ಭವಿಷ್ಯವೇ ಒಬ್ಬಳ ಮೈಯ ಸೂಚನೆಗಳ ಮೇಲೆ ನಿಂತಿತ್ತು. ಆ ಸೂಚನೆಗಳನ್ನು ಒರೆಗೆ ಹಚ್ಚಿ ನೋಡುವ ದಾರಿ ಯಾವ ವೈದ್ಯನಿಗೂ ಗೊತ್ತಿರಲಿಲ್ಲ.

ಸೂಚನೆಗಳನ್ನು ಗುರುತಿಸುವ ವಿದ್ಯೆಯೇನೋ ಹಳೆಯದು. ಮುಟ್ಟು ಕಾಣದಿರುವುದು, ಬಾಯಲ್ಲಿ ನೀರೂರುವುದು, ಅನ್ನ ಸೇರದಿರುವುದು, ವಾಂತಿ, ಹುಳಿಯ ಆಸೆ, ಮೊಲೆತೊಟ್ಟಿನ ಸುತ್ತ ಕಪ್ಪಾಗುವುದು ಎಂದು ಚರಕ ಸಂಹಿತೆ ಪಟ್ಟಿ ಮಾಡುತ್ತದೆ. ಸುಶ್ರುತ ಸಂಹಿತೆಯಂತೂ ನಾಲ್ಕನೇ ತಿಂಗಳ ಗರ್ಭಿಣಿಯನ್ನು ಎರಡು ಹೃದಯದವಳೆಂದು ಕರೆದು, ಅವಳ ಬಯಕೆಯನ್ನು ಒಳಗಿನ ಮಗುವಿನ ಬಯಕೆಯೆಂದೇ ಎಣಿಸುತ್ತದೆ. ಪ್ರಾಚೀನ ಈಜಿಪ್ಟಿನವರು ಹೆಂಗಸಿನ ಮೂತ್ರವನ್ನು ಗೋಧಿ, ಬಾರ್ಲಿಗಳ ಮೇಲೆ ಹಾಕಿ ಮೊಳಕೆಗಾಗಿ ಕಾಯುತ್ತಿದ್ದರು. ಉತ್ತರ ಮೂತ್ರದಲ್ಲಿದೆ ಎಂಬ ಅವರ ಊಹೆ ತಪ್ಪಾಗಿರಲಿಲ್ಲ.

ಮಗು ಮಿಸುಕಾಡುವುದೇ ಬಹುಕಾಲ ಖಚಿತ ಗುರುತೆನಿಸಿತ್ತು. ಚೊಚ್ಚಲ ಬಸುರಿಗೆ ಅದು ತಿಳಿಯುವುದು ಐದನೇ ತಿಂಗಳ ಹೊತ್ತಿಗೆ. ಇಂಗ್ಲಿಷ್ ಕಾನೂನು ಆ ಗೆರೆಯನ್ನು ಒಪ್ಪಿತ್ತು. 1860ರ ಭಾರತೀಯ ದಂಡ ಸಂಹಿತೆಯ 312ನೇ ಕಲಮಿನಲ್ಲೂ ಗರ್ಭಪಾತ ಮಾಡಿಸಿದವರಿಗೆ 3 ವರ್ಷದವರೆಗೆ ಸಜೆ, ಮಗು ಮಿಸುಕಾಡಿದ ಮೇಲಾದರೆ 7 ವರ್ಷದವರೆಗೆ ಇತ್ತು. ಆ ಮಿಸುಕಾಟ ಮೊದಲು ತಿಳಿಯುವುದು ಬಸುರಿಗೆ ಮಾತ್ರ. ಅವಳ ಅನುಭವವೇ ಅವಳ ಶಿಕ್ಷೆಯನ್ನೂ ಅಳೆಯುವಂತಾಯಿತು.

1928ರಲ್ಲಿ ಬರ್ಲಿನ್ನಿನ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಝೊಂಡೆಕ್ ಹೊಸ ದಾರಿ ತೆರೆದರು. ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನ ಬಿಟ್ಟು ಕೊಯ್ದು, ಅಂಡಾಶಯ ನೋಡುವ ಪರೀಕ್ಷೆ ಅದು. ಬಸುರಿಯ ಮೂತ್ರವಾದರೆ ಅದರಲ್ಲಿರುವ ಹಾರ್ಮೋನಿನಿಂದ ಅಂಡಾಶಯ ಬಲಿತಿರುತ್ತಿತ್ತು. ಆಮೇಲೆ ಮೊಲ ಬಂತು, ದಕ್ಷಿಣ ಆಫ್ರಿಕಾದ ಕಪ್ಪೆ ಬಂತು. ಚುಚ್ಚಿದ ಕಪ್ಪೆ ಒಂದು ದಿನದೊಳಗೆ ಮೊಟ್ಟೆಯಿಡುತ್ತಿತ್ತು, ಕೊಲ್ಲಬೇಕಿರಲಿಲ್ಲ. ಉತ್ತರ ಈಗ ಬೇಗ ಸಿಗುತ್ತಿತ್ತು, ಆದರೆ ಮೊದಲು ತಿಳಿಯುತ್ತಿದ್ದುದು ಪ್ರಯೋಗಾಲಯಕ್ಕೆ, ಆಮೇಲೆ ವೈದ್ಯರಿಗೆ, ಕೊನೆಗೆ ಅವಳಿಗೆ.

1967ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಆರ್ಗನಾನ್ ಕಂಪನಿಯಲ್ಲಿ ವಿನ್ಯಾಸಕಿಯಾಗಿದ್ದ ಮಾರ್ಗರೆಟ್ ಕ್ರೇನ್, ಪ್ರಯೋಗಾಲಯದಲ್ಲಿ ಸಾಲಾಗಿ ನಿಂತ ಗಾಜಿನ ನಳಿಗೆಗಳನ್ನೂ ಕೆಳಗಿನ ಕನ್ನಡಿಯನ್ನೂ ನೋಡಿದಳು. ಇಷ್ಟನ್ನು ಹೆಂಗಸು ಮನೆಯಲ್ಲೇ ಮಾಡಬಹುದಲ್ಲ ಎನಿಸಿ, ಪೇಪರ್ ಕ್ಲಿಪ್ ಇಡುವ ಪ್ಲಾಸ್ಟಿಕ್ ಡಬ್ಬಿಯಿಂದ ಮಾದರಿಯೊಂದನ್ನು ತಯಾರಿಸಿದಳು. ಕಂಪನಿಯವರಿಗೆ ಮೊದಲು ರುಚಿಸಲಿಲ್ಲ: ವೈದ್ಯರು ಮುನಿಸಿಕೊಂಡರೆ? ಫಲಿತಾಂಶ ಕಂಡ ಹುಡುಗಿ ಒಬ್ಬಳೇ ಇದ್ದು ಏನಾದರೂ ಮಾಡಿಕೊಂಡರೆ? ಕೊನೆಗೆ ಪೇಟೆಂಟ್ ಅವಳ ಹೆಸರಲ್ಲೇ ಆಯಿತು, ಹಕ್ಕು 1 ಡಾಲರಿಗೆ ಕಂಪನಿಗೆ ಹೋಯಿತು. ಆ ಡಾಲರೂ ಕೈಗೆ ಬರಲಿಲ್ಲ ಎಂದು ಅವಳು ಮುಂದೆ ಹೇಳಿದ್ದುಂಟು. ಅಮೆರಿಕದ ಅಂಗಡಿಗಳಲ್ಲಿ ಇಂಥ ಕಿಟ್ 1977ರಲ್ಲಿ ಮಾರಾಟಕ್ಕೆ ಬಂತು.

ಇಂದು ಭಾರತದಲ್ಲಿ ಆಶಾ ಕಾರ್ಯಕರ್ತೆಯರ ಚೀಲದಲ್ಲಿ ನಿಶ್ಚಯ್ ಹೆಸರಿನ ಕಿಟ್ ಇರುತ್ತದೆ. ಕೆಲವೇ ಹನಿ ಮೂತ್ರ, ಐದು ನಿಮಿಷ. ಎರಡು ಗೆರೆ ಮೂಡಿದರೆ ಬಸಿರು, ಒಂದಾದರೆ ಇಲ್ಲ. ಮುಟ್ಟು ತಪ್ಪಲು ಚಿಂತೆ, ಕಾಯಿಲೆ, ವಯಸ್ಸು ಹೀಗೆ ನೂರು ಕಾರಣ. ಅದಕ್ಕೇ ವಾಕರಿಕೆ, ಸುಸ್ತು, ಹುಳಿಯ ಆಸೆ ಈಗಲೂ ಸೂಚನೆಗಳಷ್ಟೇ. ತೀರ್ಪು ಗೆರೆಯದು, ವೈದ್ಯರ ತಪಾಸಣೆಯದು.

ಮೇರಿ 1557ರ ಕೊನೆಗೆ ಮತ್ತೊಮ್ಮೆ ಬಸುರಿಯೆಂದು ನಂಬಿ, ಮತ್ತೆ ಬರಿಗೈಯಾಗಿ, 1558ರ ನವೆಂಬರಿನಲ್ಲಿ ತೀರಿಕೊಂಡಳು. ಪಟ್ಟ ಎಲಿಜಬೆತ್‌ಗೆ ಹೋಯಿತು. ಅಂದು ಇಡೀ ಆಸ್ಥಾನ ತಿಂಗಳುಗಟ್ಟಲೆ ಕಾದರೂ ಸಿಗದ ಉತ್ತರ, ಇಂದು ಬಚ್ಚಲುಮನೆಯ ಬಾಗಿಲು ಹಾಕಿಕೊಂಡ ಹೆಣ್ಣಿಗೆ ಮೊದಲು ತಿಳಿಯುತ್ತದೆ. ಅದನ್ನು ಯಾರಿಗೆ, ಯಾವಾಗ ಹೇಳಬೇಕೆಂಬುದೂ ಅವಳ ಕೈಯಲ್ಲೇ ಇರಬೇಕು.